ಎಣ್ಣೆಯ ಕಮಟು, ಯಕೃತ್ತಿನ ಕಾವಲು

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ನಮ್ಮ ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು ವರ್ಷವಿಡೀ ಉಚಿತ ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸುತ್ತವೆ. ಅಲ್ಲಿಂದ ಹಿಂದಿರುಗುವವರ ಕೈಯಲ್ಲಿನ ವರದಿಗಳಲ್ಲಿ ಇಂದು ಮತ್ತೆ ಮತ್ತೆ ಕಾಣಸಿಗುವ ಪದ 'ಫ್ಯಾಟಿ ಲಿವರ್', ಅರ್ಥಾತ್ ಯಕೃತ್ತಿನಲ್ಲಿ ಕೊಬ್ಬು. ಅದರ ಮುಂದೆ 'ಗ್ರೇಡ್ ಒಂದು' ಎಂದೋ 'ಗ್ರೇಡ್ ಎರಡು' ಎಂದೋ ಬರೆದಿರುತ್ತದೆ. ಈ ಕಾಗದವನ್ನು ಕಂಡ ಮನೆಮಂದಿಯ ಪ್ರತಿಕ್ರಿಯೆ ಬಹುತೇಕ ಎರಡು ಬಗೆಯದು. ಕೆಲವರು 'ಈಗ ಇದು ಯಾರಿಗಿಲ್ಲ' ಎಂದು ಅದನ್ನು ಕಪಾಟಿನೊಳಗೆ ಸೇರಿಸಿಬಿಡುತ್ತಾರೆ. ಮತ್ತೆ ಕೆಲವರು ಮರುದಿನವೇ 'ಆ್ಯಂಟಿ ಆಕ್ಸಿಡೆಂಟ್' ಎಂದು ದಪ್ಪಕ್ಷರದಲ್ಲಿ ಬರೆದ ಬಾಟಲಿಯೊಂದನ್ನು ಕೊಂಡು ತರುತ್ತಾರೆ. ಈ ಎರಡೂ ದಾರಿಗಳು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದೇಕೆಂದು ತಿಳಿಯಬೇಕಾದರೆ ಯಕೃತ್ತಿನ ಜೀವಕೋಶದೊಳಗೆ ಕೊಬ್ಬಿಗೆ ಏನಾಗುತ್ತದೆ, ಆ ಕೋಶ ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕಾಗುತ್ತದೆ.

ಮದ್ಯವನ್ನು ಮುಟ್ಟದವರ ಯಕೃತ್ತೂ ಕೆಡಬಹುದೆಂಬುದನ್ನು ಒಪ್ಪಲು ನಮ್ಮ ಹಿರಿಯರಿಗೆ ಇಂದಿಗೂ ಕಷ್ಟ. ವೈದ್ಯಲೋಕಕ್ಕೂ ಅದು ಬಹಳ ಹಳೆಯ ವಿಚಾರವಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು ಕುಡಿತವಿಲ್ಲದವರಲ್ಲಿ ಕಾಣುವ ಈ ಕಾಯಿಲೆಗೆ ಹೆಸರಿಟ್ಟದ್ದು 1980ರಲ್ಲಿ. 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರು 'ಮದ್ಯೇತರ' ಎಂಬ ವಿಶೇಷಣವನ್ನು ಕೈಬಿಟ್ಟು, ಚಯಾಪಚಯದ ಏರುಪೇರಿನಿಂದ ಬರುವ ಯಕೃತ್ತಿನ ಕಾಯಿಲೆ ಎಂಬರ್ಥದ ಹೊಸ ಹೆಸರನ್ನು ಕೊಟ್ಟರು. ನಮ್ಮ ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಯಕೃತ್ತಿನಲ್ಲಿ ಹೆಚ್ಚುವರಿ ಕೊಬ್ಬಿದೆ.

ಈ ಕಾಯಿಲೆ ಆಸ್ಪತ್ರೆಗೆ ಬಂದ ರೋಗಿಗಳಲ್ಲಿ ಮಾತ್ರವಲ್ಲ, ಮನೆಯಲ್ಲಿ ಆರೋಗ್ಯವಾಗಿದ್ದೇವೆಂದು ತಿಳಿದವರಲ್ಲೂ ಇದೆಯೆಂದು ಮೊದಮೊದಲು ತೋರಿಸಿದವರಲ್ಲಿ ಮುಂಬಯಿಯ ಬಾಂಬೆ ಹಾಸ್ಪಿಟಲ್‌ನ ತಜ್ಞ ಡಾ. ದೀಪಕ್ ಅಮರಾಪುರ್ಕರ್ ಒಬ್ಬರು. ರೈಲ್ವೆ ವಸಾಹತುಗಳ ನಿವಾಸಿಗಳನ್ನು ತಪಾಸಣೆಗೊಳಪಡಿಸಿ ಅವರೂ ಅವರ ಸಹೋದ್ಯೋಗಿಗಳೂ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಈ ತೊಂದರೆ ಕಂಡುಬಂದಿತ್ತು. ಅವರ ಹೆಸರನ್ನು ಮುಂಬಯಿಗರು ಬೇರೊಂದು ಕಾರಣಕ್ಕೂ ಮರೆಯಲಾರರು. 2017ರ ಆಗಸ್ಟ್ 29ರ ಮಹಾಮಳೆಯಂದು, ಕಾರಿನಿಂದಿಳಿದು ನೀರು ತುಂಬಿದ ರಸ್ತೆಯಲ್ಲಿ ಮನೆಯತ್ತ ನಡೆದು ಹೋಗುತ್ತಿದ್ದಾಗ ತೆರೆದ ಮ್ಯಾನ್‌ಹೋಲ್‌ನೊಳಗೆ ಬಿದ್ದು ಅವರು ಅಸುನೀಗಿದರು.

ಇನ್ನು ವಿಷಯದ ಒಳಗೆ ಪ್ರವೇಶಿಸೋಣ. ಇದಕ್ಕೆ ನಮ್ಮ ಅಡುಗೆಮನೆಯೇ ಒಳ್ಳೆಯ ಪ್ರಯೋಗಶಾಲೆ. ಬಹಳ ದಿನ ತೆರೆದಿಟ್ಟ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಸೂರ್ಯಕಾಂತಿ ಎಣ್ಣೆ ಬೇಗ ಕಮಟುತ್ತದೆ, ತೆಂಗಿನೆಣ್ಣೆ ತಡವಾಗಿ. ಕೊಬ್ಬಿನಾಮ್ಲವೆಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ತೆಂಗಿನೆಣ್ಣೆಯ ಸರಪಳಿಗಳಲ್ಲಿ ಬಹುಪಾಲು ಕೊಂಡಿಗಳು ಗಟ್ಟಿಯಾಗಿ ತುಂಬಿಕೊಂಡಿರುತ್ತವೆ. ಸೂರ್ಯಕಾಂತಿಯ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲದಲ್ಲಾದರೋ ಎರಡು ಕಡೆ ದ್ವಿಬಂಧಗಳಿವೆ. ಅವೆರಡರ ನಡುವಿನ ಜಲಜನಕದ ಪರಮಾಣು ಸಡಿಲ ಗುಂಡಿಯಂತೆ ಸುಲಭವಾಗಿ ಕಿತ್ತುಬರುತ್ತದೆ. ಜೋಡಿಯಿಲ್ಲದ ಒಂಟಿ ಇಲೆಕ್ಟ್ರಾನನ್ನು ಹೊತ್ತು ಅಲೆಯುವ ಕಣವೊಂದು, ವಿಜ್ಞಾನಿಗಳು ಅದನ್ನು ಮುಕ್ತ ರಾಡಿಕಲ್ ಎನ್ನುತ್ತಾರೆ, ಆ ಜಲಜನಕವನ್ನು ಕಿತ್ತುಕೊಂಡರೆ ಸರಪಳಿಯೇ ಒಂಟಿಯಾಗುತ್ತದೆ. ಅದಕ್ಕೆ ಗಾಳಿಯ ಆಮ್ಲಜನಕ ಅಂಟಿಕೊಳ್ಳುತ್ತದೆ. ಹೀಗೆ ಹುಟ್ಟಿದ ಹೊಸ ರಾಡಿಕಲ್ ಪಕ್ಕದ ಸರಪಳಿಯಿಂದ ಜಲಜನಕವನ್ನು ಕಸಿಯುತ್ತದೆ, ಅದು ತನ್ನ ಪಕ್ಕದ್ದರಿಂದ. ಒಂದರಿಂದ ಆರಂಭವಾದದ್ದು ಹತ್ತಾರಕ್ಕೆ ಹಬ್ಬುತ್ತದೆ. ಕೊನೆಗೆ ಸರಪಳಿಗಳು ತುಂಡಾಗಿ ಆಲ್ಡಿಹೈಡ್‌ಗಳೆಂಬ ಸಣ್ಣ ಸಣ್ಣ ಚೂರುಗಳಾಗುತ್ತವೆ. ಕಮಟು ವಾಸನೆಗೆ ಮುಖ್ಯ ಕಾರಣ ಈ ಚೂರುಗಳೇ.

ನಮ್ಮ ಅಜ್ಜಿಯಂದಿರು ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುತ್ತಿದ್ದುದು ಪರಿಮಳಕ್ಕೆ ಮಾತ್ರವಲ್ಲ, ತುಪ್ಪ ಬಹುಕಾಲ ಕೆಡದಿರಲೆಂದು ಕೂಡ. ಎಲೆಯಲ್ಲಿರುವ ಫೀನಾಲ್ ಸಂಯುಕ್ತಗಳು ತಮ್ಮ ಜಲಜನಕವನ್ನು ತಾವೇ ಬಿಟ್ಟುಕೊಟ್ಟು ಸರಪಳಿಯ ಓಟವನ್ನು ನಿಲ್ಲಿಸುತ್ತವೆ. ಇಂದು ಅಂಗಡಿಯಲ್ಲಿ ಸಿಗುವ ಕೆಲವು ಖಾದ್ಯತೈಲಗಳ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ 'ಐಎನ್‌ಎಸ್ 319' ಎಂದಿರುವುದನ್ನು ಓದುಗರು ಗಮನಿಸಬಹುದು. ಅದು ಇದೇ ಕೆಲಸಕ್ಕಾಗಿ ಬೆರೆಸಿದ ಉತ್ಕರ್ಷಣ ನಿರೋಧಕ. ಉತ್ಕರ್ಷಣವೆಂದರೆ ಆಮ್ಲಜನಕದೊಂದಿಗಿನ ಈ ಸುಡುವಿಕೆ. ಅದನ್ನು ತಡೆಯುವುದೇ ಉತ್ಕರ್ಷಣ ನಿರೋಧಕ.

ಹೊಟೇಲು ಉದ್ಯಮದಲ್ಲಿರುವ ನಮ್ಮ ಬಂಧುಗಳಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಒಂದೇ ಬಾಣಲೆಯ ಎಣ್ಣೆಯಲ್ಲಿ ವಡೆ, ಬೋಂಡಾ, ಗೋಳಿಬಜೆಗಳನ್ನು ಮತ್ತೆ ಮತ್ತೆ ಕರಿದರೆ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆಯೇಳತೊಡಗುತ್ತದೆ. ಕಮಟುವ ಕ್ರಿಯೆಯೇ ಕಾವಿನಲ್ಲಿ ಹಲವು ಪಟ್ಟು ವೇಗದಿಂದ ನಡೆಯುವ ಬಗೆ ಇದು. ಅನುಭವಿ ಭಟ್ಟರು ನೊರೆಯನ್ನು ಕಂಡೇ 'ಎಣ್ಣೆ ಹೋಯಿತು' ಎಂದು ಹೇಳುತ್ತಾರೆ. ಕಾನೂನು ಅದಕ್ಕೊಂದು ಅಂಕಿಯನ್ನು ಕೊಟ್ಟಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ 2018ರ ಜುಲೈ 1ರಿಂದ, ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು 2019ರಿಂದ ಅದರ ದಾಖಲೆಯನ್ನೂ ಇಡಬೇಕಾಗಿದೆ. ಕೆಟ್ಟ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಗೆ ಒದಗಿಸುವ ಏರ್ಪಾಡೂ 2018ರಲ್ಲಿ ಆರಂಭವಾಯಿತು.

ಬಾಣಲೆಯ ಎಣ್ಣೆಯ ಬಗ್ಗೆ ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಇದೇ ಕ್ರಿಯೆ ನಮ್ಮ ಯಕೃತ್ತಿನ ಜೀವಕೋಶಗಳೊಳಗೆ ದೇಹದ ಸಾಮಾನ್ಯ ಉಷ್ಣತೆಯಲ್ಲಿ ಹಗಲಿರುಳೂ ನಡೆಯುತ್ತಿರುತ್ತದೆ. ಜೀವಕೋಶದ ಪೊರೆಯೇ ಕೊಬ್ಬಿನಿಂದಾದುದು. ಪೊರೆ ಬಾಗುವಂತೆ, ಬಳುಕುವಂತೆ ಇರಲು ಅದರಲ್ಲಿ ದ್ವಿಬಂಧಗಳಿರುವ ಕೊಬ್ಬಿನಾಮ್ಲಗಳೇ ಬೇಕು. ಅಂದರೆ ಸುಲಭವಾಗಿ ಕಮಟುವ ವಸ್ತುವಿನಿಂದಲೇ ಕೋಶ ತನ್ನ ಗೋಡೆಯನ್ನು ಕಟ್ಟಿಕೊಂಡಿದೆ. ಮುಕ್ತ ರಾಡಿಕಲ್‌ಗಳಿಗೂ ಕೊರತೆಯಿಲ್ಲ. ನಾವು ಉಂಡದ್ದನ್ನು ಕೋಶದೊಳಗಿನ ಮೈಟೊಕಾಂಡ್ರಿಯಗಳು ಉರಿಸಿ ಶಕ್ತಿಯನ್ನು ಪಡೆಯುವಾಗ ಒಂದಷ್ಟು ಇಲೆಕ್ಟ್ರಾನ್‌ಗಳು ಸೋರಿ ಆಮ್ಲಜನಕವನ್ನು ಸೇರಿ ಸೂಪರ್‌ಆಕ್ಸೈಡ್ ಆಗುತ್ತವೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಕಬ್ಬಿಣದ ಅಂಶದೊಡನೆ ಸೇರಿದರೆ ಎಲ್ಲಕ್ಕಿಂತ ಉಗ್ರವಾದ ಹೈಡ್ರಾಕ್ಸಿಲ್ ರಾಡಿಕಲ್ ಉಂಟಾಗುತ್ತದೆ. ಕಬ್ಬಿಣದ ದಾಸ್ತಾನು ಇರುವುದೂ ಯಕೃತ್ತಿನಲ್ಲಿಯೇ ಎಂಬುದನ್ನು ನೆನಪಿಡಬೇಕು.

ಯಕೃತ್ತಿನಲ್ಲಿ ಹನಿಹನಿಯಾಗಿ ಶೇಖರವಾದ ಕೊಬ್ಬು ತಾನೇ ವಿಷವಲ್ಲ. ಅದೊಂದು ಬಗೆಯ ಕಣಜ. ಹೆಚ್ಚಾಗಿ ಬಂದುದನ್ನು ಕೋಶ ಅಲ್ಲಿ ಕಟ್ಟಿಡುತ್ತದೆ. ಕಣಜ ತುಂಬಿ ತುಳುಕಿದಾಗ ಬಿಡಿ ಕೊಬ್ಬಿನಾಮ್ಲಗಳು ಕೋಶದೊಳಗೆ ಅಲೆಯತೊಡಗುತ್ತವೆ. ಅವುಗಳನ್ನು ಸುಡುವ ಮೈಟೊಕಾಂಡ್ರಿಯಗಳ ಸೋರಿಕೆ ಹೆಚ್ಚುತ್ತದೆ. ಕೆಲವು ಕೊಬ್ಬುಗಳು ಸೆರಮೈಡ್‌ನಂತಹ ರೂಪಗಳನ್ನು ತಾಳಿ ಇನ್ಸುಲಿನ್ನಿನ ಮಾತನ್ನು ಕೋಶ ಕೇಳದಂತೆ ಮಾಡುತ್ತವೆ. 1998ರಲ್ಲಿ ಇಂಗ್ಲೆಂಡಿನ ಡೇ ಮತ್ತು ಜೇಮ್ಸ್ ಎಂಬಿಬ್ಬರು ವೈದ್ಯರು ಇದನ್ನು 'ಎರಡು ಏಟು' ಎಂದು ಬಣ್ಣಿಸಿದರು: ಕೊಬ್ಬು ತುಂಬುವುದು ಮೊದಲ ಏಟು, ಅದು ಉತ್ಕರ್ಷಣಗೊಳ್ಳುವುದು ಎರಡನೆಯದು. ಏಟುಗಳು ಎರಡಲ್ಲ, ಹಲವು ಎಂದು ಆಮೇಲೆ ತಿಳಿಯಿತಾದರೂ ಮೂಲಚಿತ್ರ ಉಪಯುಕ್ತವಾಗಿಯೇ ಉಳಿದಿದೆ. ಒಬ್ಬರ ಯಕೃತ್ತಿನಲ್ಲಿ ಕೊಬ್ಬು ವರ್ಷಾನುಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಇನ್ನೊಬ್ಬರಲ್ಲಿ ಅದೇ ಕೊಬ್ಬು ಉರಿಯೂತಕ್ಕೆ, ಅಲ್ಲಿಂದ ನಾರುಗಟ್ಟುವಿಕೆಗೆ, ಕೊನೆಗೆ ಸಿರೋಸಿಸ್‌ಗೆ ದಾರಿಯಾಗುತ್ತದೆ. ಈ ವ್ಯತ್ಯಾಸದ ಒಂದು ಪಾಲು ನಿಂತಿರುವುದು ಕೋಶದ ಕಾವಲಿನ ಬಲಾಬಲದ ಮೇಲೆ.

ಆ ಕಾವಲು ಬಹು ಅಚ್ಚುಕಟ್ಟಾದುದು. ಸೂಪರ್‌ಆಕ್ಸೈಡನ್ನು ಅಡಗಿಸುವ ಕಿಣ್ವವನ್ನು ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ 1969ರಲ್ಲಿ ಗುರುತಿಸಿದರು. ಅದರ ನಂತರದ ಸರದಿ ಕೆಟಲೇಸ್‌ನದು. ಅದು ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಪೊರೆಯೊಳಗೇ ನಿಂತು ಕಮಟಿನ ಸರಪಳಿಯನ್ನು ಕಡಿಯುವುದು ವಿಟಮಿನ್ ಇ. ದಣಿದ ವಿಟಮಿನ್ ಇಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ವಿಟಮಿನ್ ಸಿ. ಕೋಎಂಜೈಮ್ ಕ್ಯೂ ಎಂಬುದು ಸ್ವತಃ ಕೊಬ್ಬಿನ ಜಾತಿಗೆ ಸೇರಿದ್ದರೂ ಪೊರೆಯ ಕೊಬ್ಬನ್ನು ಕಾಯುತ್ತದೆ. ಈ ಕೋಎಂಜೈಮಿನ ಬಗ್ಗೆಯೂ ಕೋಶದಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡಿನ ಬಗ್ಗೆಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಟಿ. ರಾಮಶರ್ಮ ಅವರು ದಶಕಗಳ ಕಾಲ ಸಂಶೋಧನೆ ನಡೆಸಿದ್ದನ್ನು ಕನ್ನಡ ನಾಡಿನವರಾದ ನಾವು ಅಭಿಮಾನದಿಂದ ನೆನೆಯಬೇಕು.

ಇವೆಲ್ಲಕ್ಕೂ ಮುಖ್ಯಸ್ಥನೆಂದರೆ ಗ್ಲುಟಾಥಯೋನ್. ಮೂರು ಅಮೈನೋ ಆಮ್ಲಗಳನ್ನು ಜೋಡಿಸಿ ಕೋಶ ತಾನೇ ತಯಾರಿಸಿಕೊಳ್ಳುವ ಪುಟ್ಟ ಅಣು ಇದು. ಯಕೃತ್ತಿನಲ್ಲಿ ಇದು ಹೇರಳವಾಗಿರುವುದಲ್ಲದೆ, ಅಲ್ಲಿಂದ ರಕ್ತಕ್ಕೂ ರವಾನೆಯಾಗುತ್ತದೆ. ಇದನ್ನು ಬಳಸಿಕೊಂಡು ಕೆಲವು ಕಿಣ್ವಗಳು ಕಮಟಿದ ಕೊಬ್ಬನ್ನು ನಿರುಪದ್ರವಿಯಾಗಿ ಪರಿವರ್ತಿಸುತ್ತವೆ. ಈ ಕಾವಲುಗಾರ ಇಲ್ಲದಾದರೆ ಏನಾಗುತ್ತದೆ? ಅದಕ್ಕೆ ಉತ್ತರ ಪ್ರತಿ ಮನೆಯ ಔಷಧದ ಡಬ್ಬಿಯಲ್ಲೂ ಇರುವ ಪ್ಯಾರಸಿಟಮಾಲ್ ಗುಳಿಗೆಯಲ್ಲಿದೆ. ವಿಹಿತ ಪ್ರಮಾಣದಲ್ಲಿ ಅದು ಸುರಕ್ಷಿತ ಔಷಧ. ಯಕೃತ್ತು ಅದನ್ನು ಒಡೆಯುವಾಗ ಹುಟ್ಟುವ ಅಲ್ಪ ವಿಷವನ್ನು ಗ್ಲುಟಾಥಯೋನ್ ಹಿಡಿದು ಹೊರಹಾಕುತ್ತದೆ. ಗುಳಿಗೆಗಳು ಮಿತಿಮೀರಿದರೆ ಗ್ಲುಟಾಥಯೋನ್ ಬರಿದಾಗಿ, ಅದೇ ವಿಷ ಯಕೃತ್ತಿನ ಕೋಶಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಆಗ ಆಸ್ಪತ್ರೆಯಲ್ಲಿ ಕೊಡುವ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧದ ಕೆಲಸವೆಂದರೆ ಗ್ಲುಟಾಥಯೋನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಒದಗಿಸುವುದು. ತಯಾರಾದ ಗ್ಲುಟಾಥಯೋನನ್ನೇ ನುಂಗಿದರೆ ಸಾಲದೇ ಎಂದು ಕೇಳಬಹುದು. ನುಂಗಿದ್ದರಲ್ಲಿ ಬಹುಪಾಲು ಜೀರ್ಣಾಂಗದಲ್ಲಿಯೇ ಒಡೆದುಹೋಗುತ್ತದೆ. ಅದು ಕೋಶದೊಳಗೆ, ಬೇಕಾದಾಗ, ಬೇಕಾದಷ್ಟೇ ತಯಾರಾಗಬೇಕು.

ಹಾಗಾದರೆ ಬೇಕಾದಾಗ ತಯಾರಿಸು ಎಂದು ಆಜ್ಞಾಪಿಸುವವರು ಯಾರು? ಈ ವಿಷಯದಲ್ಲಿ ನಮಗೆ ಅತ್ಯಂತ ಸೋಜಿಗವೆನಿಸಿದ ಸಂಗತಿ ಇದೇ. ಕೋಶದೊಳಗೆ ಎನ್‌ಆರ್‌ಎಫ್-2 ಎಂಬ ಪ್ರೋಟೀನಿದೆ. ಅದು ಕೋಶದ ನಡುಮನೆಯಾದ ನ್ಯೂಕ್ಲಿಯಸ್ಸನ್ನು ಹೊಕ್ಕರೆ ಕಾವಲಿನ ಹತ್ತಾರು ಜೀನ್‌ಗಳನ್ನು ಒಮ್ಮೆಲೇ ಎಬ್ಬಿಸಬಲ್ಲುದು. ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳ ಜೀನ್‌ಗಳೂ ಅವುಗಳಲ್ಲಿ ಸೇರಿವೆ. ಆದರೆ ಸಾಮಾನ್ಯ ದಿನಗಳಲ್ಲಿ ಕೀಪ್-1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಜಪಾನಿನ ಯಾಮಾಮೊಟೊ ಮತ್ತು ಸಂಗಡಿಗರು 1999ರಲ್ಲಿ ಈ ಜೋಡಿಯ ಸಂಬಂಧವನ್ನು ಬಯಲಿಗೆ ತಂದರು. ಹಿಡಿತ ಸಡಿಲಗೊಳ್ಳುವುದು ಯಾವಾಗ? ಕಮಟಿದ ಕೊಬ್ಬಿನಿಂದ ಹುಟ್ಟಿದ ಆಲ್ಡಿಹೈಡ್ ಚೂರುಗಳು ಬಂದು ಕೀಪ್-1ನ್ನು ತಗುಲಿದಾಗ! ಅಂದರೆ ಬೆಂಕಿಯ ಹೊಗೆಯೇ ಕಾವಲುಗಾರನನ್ನು ಎಬ್ಬಿಸುತ್ತದೆ. ಹೊಗೆ ಸ್ವಲ್ಪವಿದ್ದರೆ ಕೋಶ ಎಚ್ಚೆತ್ತು ಮೊದಲಿಗಿಂತ ಬಲಿಷ್ಠವಾಗುತ್ತದೆ. ಮಿತಿಮೀರಿದರೆ ಕಾವಲುಗಾರನೂ ಉಸಿರುಕಟ್ಟಿ ಬೀಳುತ್ತಾನೆ.

ಕೊಬ್ಬನ್ನು ಕೇವಲ ಉರುವಲು ಎಂದು ಬಗೆಯುವುದು ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ. ಅದು ಸಂದೇಶವನ್ನೂ ಹೊರುತ್ತದೆ. ವಿಜ್ಞಾನಿಗಳು ಜೈವಿಕವಾಗಿ ಸಕ್ರಿಯವಾದ ಲಿಪಿಡ್ ಎನ್ನುವುದು ಇಂತಹವನ್ನೇ. ಜ್ವರ, ನೋವು, ಊತಗಳ ಸಂದೇಶ ಹೊರುವ ಪ್ರೋಸ್ಟಾಗ್ಲಾಂಡಿನ್‌ಗಳು ಈ ಗುಂಪಿನವು; ಅವುಗಳ ಅಧ್ಯಯನಕ್ಕೆ 1982ರಲ್ಲಿ ನೊಬೆಲ್ ಪುರಸ್ಕಾರ ಬಂತು. ಉರಿಯೂತವನ್ನು ಹೊತ್ತಿಸುವವು ಮಾತ್ರವಲ್ಲ, ಕೆಲಸ ಮುಗಿದ ಮೇಲೆ ಅದನ್ನು ಆರಿಸುವ ಕೊಬ್ಬಿನ ಅಣುಗಳೂ ಇವೆಯೆಂದು ಈ ಶತಮಾನದ ಆರಂಭದಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಸೆರ್ಹಾನ್ ತೋರಿಸಿ, ಅವಕ್ಕೆ ರಿಸಾಲ್ವಿನ್ ಎಂದು ಹೆಸರಿಟ್ಟರು. ದೇಹ ಅವುಗಳನ್ನು ತಯಾರಿಸುವುದು ಮೀನಿನಲ್ಲಿ ಹೇರಳವಾಗಿರುವ ಒಮೆಗಾ-3 ಕೊಬ್ಬಿನಾಮ್ಲಗಳಿಂದ.

ಕರಾವಳಿಯಿಂದ ಬಂದ ನಮ್ಮವರಿಗೆ ಬೂತಾಯಿ, ಬಂಗುಡೆಗಳ ಪರಿಚಯ ಹೇಳಬೇಕಾಗಿಲ್ಲ. ಬಡವರ ಮೀನೆಂದು ಕರೆಸಿಕೊಂಡ ಬೂತಾಯಿ ಈ ಕೊಬ್ಬಿನಲ್ಲಿ ಶ್ರೀಮಂತ. ಇಲ್ಲೊಂದು ವಿರೋಧಾಭಾಸವಿದೆ. ಮೀನಿನ ಡಿಎಚ್‌ಎ ಎಂಬ ಕೊಬ್ಬಿನಾಮ್ಲದಲ್ಲಿ ಆರು ದ್ವಿಬಂಧಗಳಿದ್ದು, ಅದು ಸೂರ್ಯಕಾಂತಿ ಎಣ್ಣೆಗಿಂತಲೂ ಬೇಗ ಕಮಟುವ ವಸ್ತು. ಅಂತಹುದು ಉತ್ಕರ್ಷಣದಿಂದ ಯಕೃತ್ತನ್ನು ಕಾಯುವುದುಂಟೆ? ಒಮೆಗಾ-3 ಕೊಬ್ಬು ಮಿತವಾಗಿ ಉತ್ಕರ್ಷಣಗೊಂಡಾಗ ಹುಟ್ಟುವ ವಸ್ತುಗಳೇ ಕೀಪ್-1ರ ಹಿಡಿತವನ್ನು ಸಡಿಲಿಸಿ ಕಾವಲನ್ನು ಎಬ್ಬಿಸುತ್ತವೆಂದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹೀಗೆಂದು ಮೀನೆಣ್ಣೆಯ ಗುಳಿಗೆ ಯಕೃತ್ತಿನ ಔಷಧವೆಂದು ಯಾರೂ ತಿಳಿಯಬಾರದು. ಯಕೃತ್ತಿನ ಕೊಬ್ಬು ಅದರಿಂದ ಒಂದಷ್ಟು ಇಳಿಯಬಹುದಾದರೂ, ನಾರುಗಟ್ಟಿದ್ದು ಬಿಟ್ಟುಹೋಗುತ್ತದೆಂದು ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಸಿದ್ಧಪಟ್ಟಿಲ್ಲ. ಬಾಟಲಿಯಲ್ಲಿ ತಿಂಗಳುಗಟ್ಟಲೆ ಕುಳಿತು ಕಮಟಿದ ಮೀನೆಣ್ಣೆಯಂತೂ ಬೇಡವೇ ಬೇಡ. ಅದೇ ರೀತಿ, ಮೀನನ್ನು ಹಳೆಯ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿಯುವುದಕ್ಕಿಂತ ಪುಳಿಮುಂಚಿ ಮಾಡಿ ತಿನ್ನುವುದು ಲೇಸು. ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ಇದೆ. ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಒಮೆಗಾ-3 ಜಾತಿಯದೇ. ಮೀನಿನಲ್ಲಿರುವ ರೂಪಕ್ಕೆ ಅದು ದೇಹದಲ್ಲಿ ಪರಿವರ್ತನೆಯಾಗುವುದು ಸ್ವಲ್ಪ ಮಾತ್ರ. ಅಗಸೆಯನ್ನು ಪುಡಿ ಮಾಡಿದರೆ ಬೇಗ ಕಮಟುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವ ನಮ್ಮ ಹಿರಿಯರ ಪದ್ಧತಿಯೇ ಸರಿ.

ಈ ವಿಷಯಗಳ ಕುರಿತು ನಮ್ಮ ಮುಂಬಯಿಯಲ್ಲೇ ಗಣನೀಯ ಕೆಲಸ ನಡೆದಿದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಯಕೃತ್ತಿನ ಕೊಬ್ಬಿಗೂ ಎಲ್ಲಿಯ ನಂಟು ಎಂದು ಅಚ್ಚರಿಯಾಗಬಹುದು. ವಿಕಿರಣ ದೇಹಕ್ಕೆ ಹಾನಿ ಮಾಡುವುದು ಬಹುಮಟ್ಟಿಗೆ ಹೈಡ್ರಾಕ್ಸಿಲ್ ರಾಡಿಕಲ್‌ಗಳ ಮೂಲಕವೇ. ಆದ್ದರಿಂದ ವಿಕಿರಣದಿಂದ ಕಾಪಾಡುವ ವಸ್ತುಗಳನ್ನು ಹುಡುಕುವವರು ಉತ್ಕರ್ಷಣ ನಿರೋಧಕಗಳ ಕಡೆಗೇ ಬರಬೇಕಾಗುತ್ತದೆ. ಅಲ್ಲಿನ ಡಾ. ಟಿ.ಪಿ.ಎ. ದೇವಸಹಾಯಂ ಮತ್ತು ಸಂಗಡಿಗರು ಇಲಿಯ ಯಕೃತ್ತಿನ ಕೋಶಗಳಿಂದ ಬೇರ್ಪಡಿಸಿದ ಪೊರೆಯ ತುಣುಕುಗಳನ್ನು ಉತ್ಕರ್ಷಣಕ್ಕೊಳಪಡಿಸಿ, ಯಾವ ವಸ್ತು ಎಷ್ಟು ತಡೆಯುತ್ತದೆಂದು ಅಳೆದರು. 1996ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಿಷಯ ಕೆಫೀನ್. ನಮ್ಮ ಚಿಕ್ಕಮಗಳೂರು, ಕೊಡಗುಗಳ ಕಾಫಿಯಲ್ಲಿರುವ ಅದೇ ಕೆಫೀನ್ ಪೊರೆಯ ಕೊಬ್ಬು ಕಮಟುವುದನ್ನು ತಡೆಯಬಲ್ಲುದೆಂದು ಅವರು ತೋರಿಸಿದರು.

ಮಾಟುಂಗಾದ ಫಿಲ್ಟರ್ ಕಾಫಿಯ ಅಭಿಮಾನಿಗಳು ಸಂತೋಷಪಡುವ ಮೊದಲು ಒಂದು ಮಾತು. ಬ್ರಿಟನ್ನಿನ ಸುಮಾರು ಐದು ಲಕ್ಷ ಜನರನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಫಿ ಕುಡಿಯುವವರಿಗೆ ದೀರ್ಘಕಾಲದ ಯಕೃತ್ತಿನ ಕಾಯಿಲೆಯ ಸಂಭವ ಶೇ. 21ರಷ್ಟು ಕಡಿಮೆಯಿತ್ತು. ಆದರೆ ಕೆಫೀನ್ ತೆಗೆದ ಕಾಫಿಯನ್ನು ಕುಡಿಯುವವರಲ್ಲೂ ಅದೇ ಪ್ರಯೋಜನ ಕಂಡಿತು. ಅಂದರೆ ಪ್ರಯೋಗನಾಳದಲ್ಲಿ ಕೆಫೀನ್ ಮಾಡಿದ್ದು ನಿಜವೇ ಆದರೂ, ಮನುಷ್ಯನ ದೇಹದಲ್ಲಿ ಕಾಫಿಯ ಗುಣಕ್ಕೆ ಅದೊಂದೇ ಕಾರಣವಾಗಿರಲಾರದು. ಕಾಫಿ ಕುಡಿಯುವವರ ಬೇರೆ ಅಭ್ಯಾಸಗಳ ಪಾಲೂ ಇದರಲ್ಲಿರಬಹುದು. ಪ್ರಯೋಗನಾಳದಿಂದ ಮನುಷ್ಯನವರೆಗಿನ ಹಾದಿ ಎಷ್ಟು ತಿರುವುಗಳದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಅಂದ ಹಾಗೆ, ಎರಡು ಚಮಚ ಸಕ್ಕರೆ ಬೆರೆಸಿದ ಕಾಫಿಯ ಪರವಾಗಿ ನಾವು ವಾದಿಸುತ್ತಿಲ್ಲ. ಹೆಚ್ಚುವರಿ ಸಕ್ಕರೆ, ಬೆಲ್ಲಗಳನ್ನು ಕೊಬ್ಬಾಗಿ ಮಾರ್ಪಡಿಸುವ ಕಾರ್ಖಾನೆಯೂ ಯಕೃತ್ತೇ.

ಬಾಟಲಿಗಳ ವಿಚಾರಕ್ಕೆ ಬಂದರೆ, ಇವುಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದದ್ದು ವಿಟಮಿನ್ ಇ. ಮಧುಮೇಹವಿಲ್ಲದ, ಆದರೆ ಯಕೃತ್ತಿನಲ್ಲಿ ಕೊಬ್ಬಿನ ಜೊತೆಗೆ ಉರಿಯೂತವೂ ಇದ್ದ 247 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಹೊರಬಂತು. 96 ವಾರಗಳ ಕಾಲ ದಿನಕ್ಕೆ 800 ಯೂನಿಟ್ ವಿಟಮಿನ್ ಇ ಸೇವಿಸಿದವರಲ್ಲಿ ಶೇ. 43 ಮಂದಿಗೆ ಸುಧಾರಣೆ ಕಂಡಿತು. ಹುಸಿಗುಳಿಗೆ ಸೇವಿಸಿದವರಲ್ಲಿ ಶೇ. 19 ಮಂದಿಗೆ. ಇದು ಸಣ್ಣ ಸಾಧನೆಯಲ್ಲ, ಆದರೆ ನಾರುಗಟ್ಟುವಿಕೆ ಗಣನೀಯವಾಗಿ ಇಳಿಯಲಿಲ್ಲ. ಮರುವರ್ಷವೇ ಬಂದ ಇನ್ನೊಂದು ಬೃಹತ್ ಪರೀಕ್ಷೆಯ ವರದಿಯಲ್ಲಿ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ಸೇವಿಸಿದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿತ್ತು. ಆದ್ದರಿಂದ ಅದು ವೈದ್ಯರು ಆರಿಸಿ ಕೊಡುವ ಔಷಧವೇ ಹೊರತು ಅಂಗಡಿಯಿಂದ ತಂದು ಮನೆಮಂದಿಯೆಲ್ಲ ನುಂಗುವ ಟಾನಿಕ್ ಅಲ್ಲ.

ಇನ್ನೊಂದು ಚಿಕ್ಕ ಪ್ರಯೋಗ ನಮ್ಮ ವಾದಕ್ಕೆ ಹೆಚ್ಚು ಹತ್ತಿರದ್ದು. ಜರ್ಮನಿಯ ಮೈಕೆಲ್ ರಿಸ್ಟೋವ್ ಮತ್ತು ಸಂಗಡಿಗರು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಮಂದಿಗೆ ಜೊತೆಗೆ ವಿಟಮಿನ್ ಸಿ ಮತ್ತು ಇ ಗುಳಿಗೆಗಳನ್ನೂ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು. ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಬಗೆ ವ್ಯಾಯಾಮದಿಂದ ಸುಧಾರಿಸಿದ್ದು ಗುಳಿಗೆ ನುಂಗದವರಲ್ಲಿ ಮಾತ್ರ. ವ್ಯಾಯಾಮದಿಂದ ಹುಟ್ಟುವ ಒಂದಿಷ್ಟು ಹೊಗೆಯೇ ಕಾವಲನ್ನು ಎಬ್ಬಿಸಬೇಕಾಗಿತ್ತು; ಗುಳಿಗೆಗಳು ಆ ಹೊಗೆಯನ್ನು ಹುಟ್ಟುವಾಗಲೇ ಅಡಗಿಸಿಬಿಟ್ಟಿದ್ದವು.

'ನಾವು ತೆಗೆದುಕೊಳ್ಳುವುದು ಗುಳಿಗೆಯಲ್ಲ, ಗಿಡಮೂಲಿಕೆ' ಎನ್ನುವವರು ಮುಂಬಯಿಯ ಇನ್ನೊಂದು ಅನುಭವವನ್ನು ಗಮನಿಸಬೇಕು. ಕೊರೋನಾ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿಯ ಕಷಾಯ, ಗುಳಿಗೆಗಳನ್ನು ಅನೇಕರು ನಿತ್ಯ ಸೇವಿಸತೊಡಗಿದರು. 2020ರ ಸೆಪ್ಟೆಂಬರ್ ಮತ್ತು ಡಿಸೆಂಬರ್ ನಡುವೆ ಹೀಗೆ ಸೇವಿಸಿದ ಆರು ಮಂದಿ ಯಕೃತ್ತಿನ ತೀವ್ರ ಹಾನಿಯೊಂದಿಗೆ ಬಂದದ್ದನ್ನು ಮುಂಬಯಿಯ ಡಾ. ಆಭಾ ನಾಗ್ರಾಲ್ ಮತ್ತು ಸಹೋದ್ಯೋಗಿಗಳು 2021ರಲ್ಲಿ ವರದಿ ಮಾಡಿದರು. ಕೇಂದ್ರ ಆಯುಷ್ ಸಚಿವಾಲಯ ಈ ನಿಷ್ಕರ್ಷೆಯನ್ನು ಒಪ್ಪಲಿಲ್ಲ. ಬಳಸಿದ ಮೂಲಿಕೆ ಅದೇ ಹೌದೇ ಎಂಬುದನ್ನು ಪರೀಕ್ಷಿಸಿಲ್ಲವೆಂದು ಅದು ಆಕ್ಷೇಪಿಸಿತು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳು ಒಟ್ಟಾಗಿ 43 ಪ್ರಕರಣಗಳನ್ನು ಪ್ರಕಟಿಸಿದವು. ಅಡುಗೆಯ ಚಿಟಿಕೆ ಅರಸಿನದ ಬಗ್ಗೆ ಯಾರಿಗೂ ಭಯ ಬೇಡ. ಆದರೆ ದೇಹ ಹೆಚ್ಚು ಹೀರಿಕೊಳ್ಳಲೆಂದು ಕರಿಮೆಣಸಿನ ಸಾರವನ್ನು ಬೆರೆಸಿದ ಅರಸಿನದ ಸತ್ವದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಅಮೆರಿಕ, ಇಟಲಿಗಳಿಂದ ವರದಿಯಾಗಿವೆ. ಆಯುರ್ವೇದವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಯಕೃತ್ತಿನಲ್ಲಿ ಈಗಾಗಲೇ ಕೊಬ್ಬಿರುವವರು ಏನು ಸೇವಿಸಿದರೂ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕೆಂಬುದಷ್ಟೇ ನಮ್ಮ ಆಗ್ರಹ.

ಹಾಗಾದರೆ ಕೊಬ್ಬು ಇಳಿಯುವುದು ಹೇಗೆ? ಹೊಸ ಔಷಧಗಳು ಬಂದಿವೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಈ ಕಾಯಿಲೆಗೆ ಒಪ್ಪಿಗೆ ಪಡೆದವು. ಆದರೆ ಅವು ನಾರುಗಟ್ಟುವಿಕೆ ಒಂದು ಹಂತಕ್ಕೆ ಬಂದವರಿಗಾಗಿ. ಉಳಿದವರಿಗೆ ತೂಕ ಇಳಿಸುವುದೇ ದಾರಿ. ಕ್ಯೂಬಾದಲ್ಲಿ 293 ಮಂದಿಯನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದ ತೂಕದ ಹತ್ತನೇ ಒಂದು ಪಾಲನ್ನು ಇಳಿಸಿದವರಲ್ಲಿ ನೂರಕ್ಕೆ 90 ಮಂದಿಯ ಯಕೃತ್ತಿನ ಉರಿಯೂತ ಶಮನವಾಗಿತ್ತು. ನೂರಕ್ಕೆ 45 ಮಂದಿಯಲ್ಲಿ ನಾರುಗಟ್ಟಿದ್ದೂ ಇಳಿದಿತ್ತು. ನಮ್ಮ ಒಂದು ತಲೆಮಾರು ಹದಿಹರೆಯದಲ್ಲಿ ಊರು ಬಿಟ್ಟು ಬಂದು, ಹೊಟೇಲುಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ ನಿಂತು ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದದ್ದು. ಅದೇ ಜೀವ ನಡುವಯಸ್ಸಿನಲ್ಲಿ ಗಲ್ಲಾದ ಹಿಂದೆಯೋ ಕಚೇರಿಯ ಮೇಜಿನ ಮುಂದೆಯೋ ಕುಳಿತುಬಿಟ್ಟಿತು. ಊಟ ಮಾತ್ರ ನಿಂತು ದುಡಿಯುತ್ತಿದ್ದ ಕಾಲದ್ದೇ ಉಳಿಯಿತು.

ಶಿಬಿರದ ವರದಿ ಕಪಾಟಿನಲ್ಲಿ ಕುಳಿತಿರುವವರಿಗಾಗಿ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ. ಸೋನೋಗ್ರಫಿ ಯಕೃತ್ತಿನಲ್ಲಿ ಕೊಬ್ಬಿದೆಯೆಂದು ಹೇಳುತ್ತದೆ. ಅದು ಎಷ್ಟು ನಾರುಗಟ್ಟಿದೆಯೆಂದು ಹೇಳಲಾರದು. 'ಗ್ರೇಡ್ ಒಂದು' ಎಂದಾಕ್ಷಣ ನಿಶ್ಚಿಂತೆಯಿಂದಿರಲಾಗದು ಎಂದು ನಾವು ಹೇಳುವುದು ಈ ಕಾರಣಕ್ಕೆ. ಫಿಬ್-4 ಎಂಬ ಸರಳ ಲೆಕ್ಕ ಆ ಸುಳಿವನ್ನು ಕೊಡುತ್ತದೆ. ಅದಕ್ಕೆ ಬೇಕಾದದ್ದು ವಯಸ್ಸು ಮತ್ತು ಸಾಮಾನ್ಯ ರಕ್ತಪರೀಕ್ಷೆಯ ಮೂರು ಅಂಕಿಗಳು: ಎಸ್‌ಜಿಒಟಿ, ಎಸ್‌ಜಿಪಿಟಿ ಮತ್ತು ಪ್ಲೇಟ್‌ಲೆಟ್. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಎಸ್‌ಜಿಪಿಟಿಯ ವರ್ಗಮೂಲವನ್ನು, ಸಾವಿರದ ಲೆಕ್ಕದಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯಿಂದ ಗುಣಿಸಬೇಕು. ಮೊದಲ ಗುಣಲಬ್ಧವನ್ನು ಎರಡನೆಯದರಿಂದ ಭಾಗಿಸಬೇಕು. ಉದಾಹರಣೆಗೆ 52 ವರ್ಷದ ಒಬ್ಬರ ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಎರಡು ಲಕ್ಷ ಎಂದಿಟ್ಟುಕೊಳ್ಳೋಣ. 52ನ್ನು 48ರಿಂದ ಗುಣಿಸಿದರೆ 2496. 64ರ ವರ್ಗಮೂಲ 8. ಅದನ್ನು 200ರಿಂದ ಗುಣಿಸಿದರೆ 1600. ಭಾಗಿಸಿದಾಗ ಬರುವುದು 1.56. ಈ ಅಂಕಿ 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ. 1.3ನ್ನು ದಾಟಿದರೆ ಯಕೃತ್ತಿನ ಬಿಗುವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. 2.67ನ್ನು ಮೀರಿದರೆ ತಜ್ಞರನ್ನು ಕಾಣಲು ತಡಮಾಡಬಾರದು. ವಯಸ್ಸು 65 ದಾಟಿದವರಿಗೆ ಕೆಳಗಿನ ಗಡಿಯನ್ನು 2.0 ಎಂದು ಹಿಡಿಯುತ್ತಾರೆ. 35ರೊಳಗಿನವರಲ್ಲಿ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ.